ಎಣ್ಣೆ ಮುಟ್ಟಿಸದ ಅಚ್ಚು

ಮೊನ್ನೆ ಕೆ.ಆರ್. ನಗರದಿಂದ ಹುಣಸೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ ರೈತರೊಬ್ಬರ ತೊಡೆಯ ಮೇಲೆ ಹಳೇ ಪೇಪರಿನಲ್ಲಿ ಸುತ್ತಿದ ಟ್ರ್ಯಾಕ್ಟರ್ ಬೇರಿಂಗ್ ಇತ್ತು. ಹೊರಗೆ ಸೋನೆ ಮಳೆ. ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಪೇಪರಿನ ತುಂಬಾ ಗೇರ್ ಆಯಿಲ್ ಇಳಿದು ಅದರ ವಾಸನೆ ಬಸ್ಸೆಲ್ಲ ಹರಡಿತ್ತು. ಎರಡೇ ನಿಮಿಷದಲ್ಲಿ ನನ್ನ ಅಂಗೈ ಬೆವರಿ, ಎದೆ ಡವಗುಟ್ಟತೊಡಗಿತು. ಅವರಿಗೆ ಅದು ಕಂಡಿತೇನೋ.

“ಯಾಕವ್ವಾ, ವಾಂತಿ ಬರಂಗಾಯ್ತದಾ? ಕಿಟ್ಕಿ ತೆಗೀಲಾ?” ಎಂದರು.

“ಏನಿಲ್ಲ, ಬುಡಿ” ಎಂದೆ. ಇಷ್ಟು ವರ್ಷದಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವವಳು ಗೇರ್ ಆಯಿಲ್ ವಾಸನೆಗೆ ಹೆದರುತ್ತೇನೆ ಅಂದರೆ ಯಾರು ತಾನೇ ನಂಬುತ್ತಾರೆ? ಆದರೆ ಹೆದರುತ್ತೇನೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಒಂದು ಮಳೆಗಾಲ ಪೂರ್ತಿ ಎದ್ದು ಬಂದು ಕಣ್ಣ ಮುಂದೆ ನಿಲ್ಲುತ್ತದೆ.

ಆಗ ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಜೇಡಿಮಣ್ಣು. ನಮ್ಮೂರಲ್ಲಿ ಇದನ್ನು ಹೇಳಿದರೆ ನಗುತ್ತಿದ್ದರು. ಮಣ್ಣಿನ ಬಗ್ಗೆ ಓದಲು ಮೈಸೂರಿಗೆ ಯಾಕೆ ಹೋಗಬೇಕು ಎಂದು ಅವರ ಪ್ರಶ್ನೆ. ಕೋಟೆ ತಾಲ್ಲೂಕಿನ ಹೊಲವೊಂದರಿಂದ ಎರೆಮಣ್ಣು ತಂದು, ಸೋಸಿ, ಅದರಲ್ಲಿನ ನುಣ್ಣನೆಯ ಜೇಡಿಯನ್ನು ಬೇರೆ ಮಾಡಿಕೊಂಡಿದ್ದೆ. ಈ ಜೇಡಿಯನ್ನು ಎಷ್ಟು ಹತ್ತಿರದಿಂದ ನೋಡಿದರೂ ಪದರದ ಮೇಲೆ ಪದರ, ಹಾಳೆ ಜೋಡಿಸಿಟ್ಟ ಹಾಗೆ. ನೀರು ಸಿಕ್ಕರೆ ಆ ಪದರಗಳ ನಡುವೆ ಎಳೆದುಕೊಂಡು ಉಬ್ಬುತ್ತದೆ. ಅದಕ್ಕೆ ಸರ್ಫ್ಯಾಕ್ಟೆಂಟ್ ಅನ್ನುವ ರಾಸಾಯನಿಕವನ್ನು ಬೆರೆಸಿದರೆ ಅದರ ಗುಣವೇ ತಿರುವುಮುರುವಾಗುತ್ತದೆ. ಕೂದಲು ನುಣುಪಾಗಲಿ ಎಂದು ಹಚ್ಚುವ ಕಂಡೀಷನರಿನಲ್ಲಿ ಇರುತ್ತದಲ್ಲ, ಅದೇ ಜಾತಿಯದು. ಅದರ ತಲೆ ಜೇಡಿಯ ಪದರಕ್ಕೆ ಕಚ್ಚಿಕೊಳ್ಳುತ್ತದೆ, ಉದ್ದನೆಯ ಬಾಲ ನಡುವೆ ಚಾಚಿಕೊಂಡು ಪದರಗಳನ್ನು ದೂರ ತಳ್ಳುತ್ತದೆ. ಆಮೇಲೆ ಆ ಮಣ್ಣಿಗೆ ನೀರು ಬೇಡ, ಎಣ್ಣೆ ಬೇಕು. ಎಣ್ಣೆ, ಡೀಸೆಲ್, ಹೊಲಕ್ಕೆ ಹೊಡೆಯುವ ಔಷಧಿ, ಇಂಥದ್ದನ್ನೆಲ್ಲ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ನೆಲದಾಳದಲ್ಲಿ ಹೂತು, ಮೇಲೆ ಭಾರೀ ಒತ್ತಡ ಬಿದ್ದರೆ ಏನಾಗುತ್ತದೆ? ಬಾಲಗಳು ಮಲಗಿಬಿಡುತ್ತವೆಯೇ, ಪದರಗಳು ಕೂಡಿಕೊಳ್ಳುತ್ತವೆಯೇ, ಒತ್ತಡ ತೆಗೆದರೆ ಮೊದಲಿನಂತೆ ಆಗುತ್ತವೆಯೇ? ನನ್ನ ಮೂರು ವರ್ಷದ ಓದು ಇಷ್ಟಕ್ಕೇ ಬಂದು ನಿಂತಿತ್ತು.

ಪ್ರಬಂಧ ಒಪ್ಪಿಸಲು ಕೊನೆಯ ಗಡುವು ದಸರೆಯ ಹೊತ್ತಿಗೆ. ಆಷಾಢದಲ್ಲಿ ವಿಭಾಗದಲ್ಲಿ ಮಣ್ಣು ಒತ್ತುವ ಪ್ರೆಸ್ಸಿನ ರಬ್ಬರ್ ಸೀಲು ಹರಿದುಹೋಯಿತು. ಹೊಸದು ಎಲ್ಲಿಂದಲೋ ಬರಬೇಕು, ಯಾವಾಗ ಬರುತ್ತದೋ ಗೊತ್ತಿಲ್ಲ. ಆಗ ನೆನಪಾದವರು ಮಹದೇವಮಾವ.

ಮಹದೇವಮಾವ ನನ್ನ ಅಮ್ಮನ ಅಣ್ಣ. ಹುಣಸೂರಿನಲ್ಲಿ ಮಡಿಕೇರಿ ರಸ್ತೆಯ ಮಗ್ಗುಲಿಗೆ ಅವರದೊಂದು ಲೇತ್ ಅಂಗಡಿ. ಟ್ರ್ಯಾಕ್ಟರ್ ಚಕ್ರದ ಹಬ್ಬಿಗೆ ಬೇರಿಂಗ್ ಕೂರಿಸುವುದು, ಸವೆದ ಶಾಫ್ಟಿಗೆ ಬುಷ್ ಹಾಕುವುದು ಅವರ ಕೆಲಸ. ಅದಕ್ಕಾಗಿ ಐವತ್ತು ಟನ್ನಿನ ಒಂದು ಹೈಡ್ರಾಲಿಕ್ ಪ್ರೆಸ್ ಇತ್ತು. ಹ್ಯಾಂಡಲ್ ಎತ್ತಿ ಇಳಿಸಿದಷ್ಟೂ ಮೇಲೆ ಒತ್ತಡ ತೋರಿಸುವ ಗೇಜಿನ ಮುಳ್ಳು ಸರಿಯುತ್ತದೆ. ಪಿರಿಯಾಪಟ್ಟಣದಿಂದ, ಕೋಟೆಯಿಂದ ಜನ ಮಾವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಳತೆಯ ವರ್ನಿಯರ್ ಹಿಡಿದು ಬಲಗಣ್ಣು ಕಿರಿದು ಮಾಡಿ ನೋಡಿದರೆಂದರೆ ಕೂದಲೆಳೆಯಷ್ಟು ವ್ಯತ್ಯಾಸವೂ ಅವರಿಗೆ ತಿಳಿಯುತ್ತಿತ್ತು. ಆ ಅಂಗಡಿ ನಡೆಯುತ್ತಿದ್ದದ್ದು ಆ ಕಣ್ಣಿನ ಮೇಲೆ.

“ಮಣ್ಣು ಒತ್ತಬೇಕಾ? ತತ್ತಾ, ಒತ್ಕೊಡ್ತೀನಿ. ಐವತ್ತು ಟನ್ನು ನಿನ್ ಮಣ್ಣಿಗೆ ಸಾಲಲ್ವಾ?” ಎಂದು ಮಾವ ನಕ್ಕರು. ಹಳೇ ಆಕ್ಸಲ್ಲಿನ ಉಕ್ಕಿನಲ್ಲಿ ಅವರೇ ಒಂದು ಅಚ್ಚು ಕಡೆದರು. ದಪ್ಪ ಗೋಡೆಯ ಪುಟ್ಟ ಕೊಳವೆ, ಅದರೊಳಗೆ ಬಿಗಿಯಾಗಿ ಇಳಿಯುವ ಎರಡು ಗಟ್ಟಿ ಗುಂಡು ಕಡ್ಡಿ. ನಡುವೆ ಚಿಟಿಕೆ ಪುಡಿ ಹಾಕಿ ಒತ್ತಿದರೆ ಮಾತ್ರೆಯಂಥ ಬಿಲ್ಲೆ ಬರುತ್ತದೆ. ಆ ಬಿಲ್ಲೆಯನ್ನು ವಾರಕ್ಕೊಮ್ಮೆ ನನ್ನ ಸರದಿ ಬರುವ ಗುರುವಾರ ಮೈಸೂರಿಗೆ ಒಯ್ದು ಎಕ್ಸ್‌ರೇ ಯಂತ್ರದಲ್ಲಿಟ್ಟರೆ ಪದರಗಳ ನಡುವಿನ ಅಂತರ ಗೊತ್ತಾಗುತ್ತದೆ.

ಮೊದಲ ದಿನದಿಂದಲೂ ನನಗೆ ಭಯವೇ. ಅಷ್ಟು ಪುಟ್ಟ ಜಾಗದ ಮೇಲೆ ಆರು ಟನ್ನು, ಎಂಟು ಟನ್ನು. ಅಚ್ಚು ಸಿಡಿದರೆ ಚೂರು ಗುಂಡಿನ ಹಾಗೆ ಹಾರುತ್ತದೆ ಎಂದು ವಿಭಾಗದಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು. ನಮ್ಮ ಪ್ರೆಸ್ಸಿಗೆ ಸುತ್ತ ಉಕ್ಕಿನ ಕವಚವಿತ್ತು. ಮಾವನ ಪ್ರೆಸ್ಸಿಗೆ ನನ್ನ ಕಾಟ ತಾಳದೆ ಲಾರಿ ಚಕ್ರದ ಹಿಂದಿನ ಹಳೇ ರಬ್ಬರ್ ಮಡ್‌ಫ್ಲ್ಯಾಪನ್ನು ಮುಂದೆ ನೇತುಹಾಕಿದ್ದರು. ಪಕ್ಕಗಳಲ್ಲಿ ಏನೂ ಇಲ್ಲ. ಗೇಜು ಕಾಣಬೇಕೆಂದು ಮಾವ ನಿಲ್ಲುತ್ತಿದ್ದದ್ದು ಆ ಪಕ್ಕದಲ್ಲೇ. ಕಣ್ಣಿನ ರಕ್ಷಣೆಗೆಂದು ನಾನು ತಂದುಕೊಟ್ಟ ಕನ್ನಡಕವನ್ನು ಹಾಕುತ್ತಿದ್ದರು, ಮಳೆಯ ಥಂಡಿಗೆ ಅದರ ಮೇಲೆ ಹಬೆ ಕಟ್ಟಿದೊಡನೆ ಹಣೆಗೆ ಏರಿಸಿಕೊಳ್ಳುತ್ತಿದ್ದರು. ಮುಳ್ಳು ಆರು ದಾಟಿತೆಂದರೆ ನಾನು ಕಂಬದ ಹಿಂದೆ.

“ಅಲ್ಲ ಕಣ್ ಮಗಾ, ಇಂಗೆ ಕಂಬ ತಬ್ಕೊಂಡ್ ನಿಂತ್ಕಂಡು ಅದೆಂಗ್ ಡಾಕ್ಟ್ರಾಯ್ತೀಯ ನೀನು?” ಎಂದು ಮಾವ ರೇಗಿಸುತ್ತಿದ್ದರು.

ಮೂರನೇ ವಾರಕ್ಕೆ ಬೇರೆ ಥರದ ಭಯ ಶುರುವಾಯಿತು. ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಎಕ್ಸ್‌ರೇ ಫಲಿತಾಂಶದ ಹಾಳೆಯನ್ನು ಎರಡೆರಡು ಸಲ ನೋಡಿದರು. ಒತ್ತಿದರೆ ಪದರಗಳು ಹತ್ತಿರವಾಗಬೇಕು. ನನ್ನ ಬಿಲ್ಲೆಗಳಲ್ಲಿ ಅವು ಒತ್ತುವ ಮೊದಲಿಗಿಂತ ದೂರವಾಗಿದ್ದವು.

“ನಿಜವಾಗಿದ್ದರೆ ಇದು ಯಾರೂ ನೋಡದ ಸಂಗತಿ. ಇಲ್ಲದಿದ್ದರೆ ಎಲ್ಲೋ ದೊಡ್ಡ ತಪ್ಪಾಗಿದೆ. ಇನ್ನೂ ಹೆಚ್ಚು ಒತ್ತಡದಲ್ಲಿ ಮೂರು ಬಿಲ್ಲೆ ತೆಗೆದುಕೊಂಡು ಬಾ” ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಗೆಸೊಪ್ಪು ಬೇಯುವ ಕಾಲ ಅದು. ಬಿಳಿಕೆರೆ ದಾಟಿದ ಮೇಲೆ ಹೊಲದ ನಡುವೆ ಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳಿಂದ ಸೊಪ್ಪಿನ ಘಾಟು ಒಳಕ್ಕೆ ನುಗ್ಗುತ್ತಿತ್ತು. ಡಬ್ಬಿ ತೆಗೆದು ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಸಣ್ಣಗೆ ಹಳದಿ ಹೊಳಪು ಇದ್ದ ಹಾಗಿತ್ತು. ನನ್ನ ಕಣ್ಣಿನ ಭ್ರಮೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು ಅನ್ನುವುದೂ ನಿಜ.

ಮಾರನೆಯ ಬೆಳಗ್ಗೆ ಪುಡಿ ತೂಗುತ್ತಾ ಕೂತವಳು ಏನೋ ಕೇಳಲೆಂದು ತಿರುಗಿದೆ. ಮಾವ ಉಂಗುರದ ಬೆರಳನ್ನು ಗೇರ್ ಆಯಿಲ್ ಡಬ್ಬಿಗೆ ಅದ್ದಿ, ಅಚ್ಚಿನ ಒಳಗೆ ಒಂದು ಸುತ್ತು ಸವರಿ, ಆ ಬೆರಳನ್ನು ಪ್ರೆಸ್ಸಿನ ತಲೆಗೆ ಮುಟ್ಟಿಸಿ ಕೈ ಮುಗಿದರು. ಅದೆಷ್ಟು ಸಹಜವಾಗಿ ನಡೆಯಿತೆಂದರೆ ಹೊಸಿಲು ದಾಟುವಾಗ ಮುಟ್ಟಿ ನಮಸ್ಕಾರ ಮಾಡುವ ಹಾಗೆ.

“ಮಾವ! ಏನ್ ಮಾಡ್ತಿದ್ದೀರಿ?”

“ಎಣ್ಣೆ ಮುಟ್ಟಿಸ್ತಾ ಇವ್ನಿ. ನಮ್ ಗುರುಗಳು ಮೊದಲ್ನೇ ದಿನ ಯೋಳ್ಕೊಟ್ಟಿದ್ದು ಕಣ್ ಮಗಾ. ಎಣ್ಣೆ ಮುಟ್ಟಿಸ್ದೆ ಕಬ್ಬಿಣಕ್ಕೆ ಕಬ್ಬಿಣ ಒತ್ತಬಾರ್ದು.”

“ಎಲ್ಲಾ ಸಲಾನೂ ಹಚ್ಚಿದ್ದೀರಾ?”

“ಊಂ ಮತ್ತೆ. ಒಂದ್ ತೊಟ್ಟು.”

ಅವತ್ತು ನಾನು ಆಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಈ ಮಣ್ಣು ಎಣ್ಣೆ ಕುಡಿಯುತ್ತದೆ ಎಂದು ಎಷ್ಟು ಸಲ ಹೇಳಿದ್ದೇನೆ, ಪದರದ ಒಳಗೆಲ್ಲ ನಿಮ್ಮ ಗೇರ್ ಆಯಿಲ್ ತುಂಬಿಕೊಂಡಿದೆ, ಮೂರು ವಾರದ ಕೆಲಸ ಮಣ್ಣುಪಾಲಾಯಿತು ಎಂದು ಕೂಗಾಡಿದೆ. ತಂಗಿಯ ಮಗಳು ತಮ್ಮ ಅಂಗಡಿಯಲ್ಲೇ ನಿಂತು ತಮ್ಮನ್ನು ಬಯ್ಯುತ್ತಿದ್ದರೂ ಮಾವ ಎಣ್ಣೆ ಡಬ್ಬಿಯನ್ನು ಮುಚ್ಚಿ ಅತ್ತ ಸರಿಸಿದರು. ಅಚ್ಚನ್ನು ಪೆಟ್ರೋಲಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ ಒರೆಸಿ, ಆ ಬಟ್ಟೆಯನ್ನು ನನ್ನ ಮುಂದೆ ಹಿಡಿದರು.

“ನೋಡು, ಎಣ್ಣೆ ಪಸೆ ಇಲ್ಲ. ನೀನ್ ಓದಿರೋಳು, ನೀನ್ ಯೋಳ್ದಂಗೇ ಮಾಡವ.”

ನಾಲ್ಕು ಟನ್ನು, ಆರು, ಎಂಟು. ಒಣ ಅಚ್ಚಿನಲ್ಲಿ ಬಿಲ್ಲೆಗಳು ಚೆನ್ನಾಗಿಯೇ ಬಂದವು. ಆದರೆ ಕಡ್ಡಿಯನ್ನು ಹೊರಗೆ ತಳ್ಳುವಾಗ ಪ್ರತಿಸಲವೂ ಕಿರ್ರ್ ಎಂಬ ಸದ್ದು. ಅದು ಕೇಳಿದಾಗಲೆಲ್ಲ ಮಾವನ ಮುಖ ಸಣ್ಣದಾಗುತ್ತಿತ್ತು.

“ಕೂಗ್ತಾದೆ ಕಣ್ ಮಗಾ. ಕಬ್ಬಿಣ ಕೂಗುದ್ರೆ ಕೇಳ್ಬೇಕು. ಇವತ್ತಿಗೆ ಸಾಕು ಬುಡು.”

ನನಗೂ ಹೆದರಿಕೆಯಿತ್ತು. ಆದರೆ ಮಾರನೆಯ ದಿನ ಗುರುವಾರ. ಈ ಗುರುವಾರ ತಪ್ಪಿದರೆ ಇನ್ನೊಂದು ವಾರ ಹೋಗುತ್ತದೆ, ಗಡುವು ಹತ್ತಿರ ಬರುತ್ತಿದೆ. ಒಂದು ಭಯ ಇನ್ನೊಂದು ಭಯವನ್ನು ಗೆದ್ದುಬಿಟ್ಟಿತು. “ಹನ್ನೆರಡಕ್ಕೆ ಒಂದೇ ಒಂದು, ಮಾವ. ಅದೊಂದು ಆದರೆ ಮುಗೀತು” ಎಂದೆ.

ಮಾವ ಹ್ಯಾಂಡಲ್ ಹಿಡಿದರು. ಹತ್ತು. ಹತ್ತೂವರೆ. ಹಬೆ ಕಟ್ಟಿತೆಂದು ಕನ್ನಡಕ ಹಣೆಗೇರಿಸಿ ಗೇಜಿನತ್ತ ಬಾಗಿದರು. ಹನ್ನೊಂದು. ನಾನು ಕಂಬದ ಹಿಂದಿನಿಂದ “ಇನ್ನೊಂಚೂರು” ಅಂದದ್ದು ನೆನಪಿದೆ. ಆಮೇಲೆ ಪಟಾಕಿ ಸಿಡಿದಂಥ ಒಂದು ಶಬ್ದ, ಗೋಡೆಗೆ ಏನೋ ಬಡಿದ ಶಬ್ದ, ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತದ್ದು. ಬೆರಳ ಸಂದಿಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಅವರು ಕೂಗಲಿಲ್ಲ. “ನಿಂಗೇನಾಗಿಲ್ವಲ್ಲಾ?” ಎಂದಷ್ಟೇ ಕೇಳಿದರು.

ಪಕ್ಕದ ಟೈರ್ ಅಂಗಡಿಯವರು ಕಾರು ತಂದರು. ಹುಣಸೂರಿನಲ್ಲಿ ರಕ್ತ ನಿಲ್ಲಿಸಿ, ಬಲಗಣ್ಣಿನ ಒಳಗೆ ಉಕ್ಕಿನ ಚೂರಿದೆ, ಮೈಸೂರಿಗೆ ಹೋಗಿ ಎಂದರು. ಆ ದಾರಿಯುದ್ದಕ್ಕೂ ಮಳೆ. ಮಾವನ ತಲೆ ನನ್ನ ತೊಡೆಯ ಮೇಲಿತ್ತು. ದೇವರಿಗೆ ಹರಕೆ ಹೊರಲೂ ನನಗೆ ಧೈರ್ಯವಾಗಲಿಲ್ಲ, ಯಾವ ಬಾಯಲ್ಲಿ ಕೇಳಿಕೊಳ್ಳಲಿ?

ಸಂಜೆಯೊಳಗೆ ಚೂರು ತೆಗೆದರು. ಐದು ದಿನ ಕಟ್ಟು ಬಿಚ್ಚುವ ಹಾಗಿಲ್ಲ, ಬಿಚ್ಚಿದ ಮೇಲೆಯೇ ದೃಷ್ಟಿ ಎಷ್ಟು ಉಳಿದಿದೆ ಎಂದು ಹೇಳಲಾಗುವುದು ಎಂದರು ಡಾಕ್ಟರು. ಊರಿಂದ ಓಡಿಬಂದ ಜಯಮ್ಮತ್ತೆ ಮಂಚದ ಪಕ್ಕ ಕೂತು ಮಾವನ ಕೈ ಹಿಡಿದುಕೊಂಡರು. ಮಾವನ ಹೆಂಡತಿ ಜಯಮ್ಮತ್ತೆ ಅಳುವ ಪೈಕಿಯವರಲ್ಲ. ಪ್ರಶ್ನೆ ಕೇಳುವ ಪೈಕಿಯವರು.

“ಎಣ್ಣೆ ಮುಟ್ಟಿಸ್ದೆ ಒಂದು ಮೊಳೆನೂ ಒತ್ತೋರಲ್ಲ ನೀವು. ಎಂಗೆ ಒಡೀತು ಅದು?”

ಬಾಗಿಲ ಬಳಿ ನಿಂತಿದ್ದೆ, ಓಡಿಹೋಗೋಣವೆನ್ನಿಸಿತು.

“ಮರ್ತ್ಬುಟ್ಟೆ ಕಣೇ” ಎಂದರು ಮಾವ. ಎರಡೂ ಕಣ್ಣಿಗೆ ಕಟ್ಟು ಹಾಕಿದ್ದರು, ನಾನೆಲ್ಲಿದ್ದೇನೆಂದು ಅವರಿಗೆ ಕಾಣುವಂತಿರಲಿಲ್ಲ. “ಮಾತಾಡ್ತಾ ಮಾತಾಡ್ತಾ ಮರ್ತ್ಬುಟ್ಟೆ.”

ಅತ್ತೆ ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಯಿಬಿಡಬೇಕಾಗಿದ್ದದ್ದು ಆವಾಗಲೇ. ಬಿಡಲಿಲ್ಲ. ಮಾವ ನನಗೋಸ್ಕರ ಸುಳ್ಳು ಹೇಳಿದ್ದಾರೆ, ನಾನು ಎದ್ದು ಅಲ್ಲ ಅಂದರೆ ಅವರನ್ನು ಸುಳ್ಳುಗಾರ ಮಾಡಿದ ಹಾಗಾಗುತ್ತದೆ ಎಂದೆಲ್ಲ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅಸಲು ಸಂಗತಿ ಅಂದರೆ ನನಗೆ ಅತ್ತೆಯ ಭಯ.

ಆ ಐದು ದಿನ ನಾನು ಅನ್ನದ ಮುಂದೆ ಕೂತು ಎದ್ದುಹೋಗುತ್ತಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಟ್ರೇ ಬಿದ್ದು ಸದ್ದಾದರೂ ಬೆಚ್ಚಿಬೀಳುತ್ತಿದ್ದೆ. ಮಾವನ ಕಣ್ಣು ಹೋಗಿಬಿಟ್ಟರೆ ಲೇತ್ ನಿಲ್ಲುತ್ತದೆ. ಲೇತ್ ನಿಂತರೆ ಮಾವ ಮನೆಯ ಜಗುಲಿಯಲ್ಲಿ ಸುಮ್ಮನೆ ಕೂರುತ್ತಾರೆ. ಅದನ್ನು ಕಲ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ. ಮೇಡಂಗೆ ಫೋನ್ ಮಾಡಿ ಹಳೆಯ ಬಿಲ್ಲೆಗಳಿಗೆಲ್ಲ ಎಣ್ಣೆ ಸೇರಿದೆ, ಆ ಫಲಿತಾಂಶ ಸುಳ್ಳು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು “ಸರಿ, ಮತ್ತೆ ಮಾಡು. ಗಡುವಿನ ಮಾತು ನಾನು ನೋಡಿಕೊಳ್ತೀನಿ” ಎಂದರು. ನಾನು ಇನ್ನು ಈ ಕೆಲಸ ಮಾಡುವುದಿಲ್ಲ ಎಂದೆ. ಮೂರು ವಾರದ ಕೆಲಸದ ತಪ್ಪನ್ನು ಒಪ್ಪಿಕೊಳ್ಳುವುದು ಅಷ್ಟು ಸುಲಭವಾಗಿತ್ತು. ಅತ್ತೆಗೆ ಒಂದು ಮಾತು ಹೇಳುವುದು ಆಗಲಿಲ್ಲ.

ಆರನೆಯ ದಿನ ಕಟ್ಟು ಬಿಚ್ಚಿದರು. ಬಲಗಣ್ಣಿಗೆ ಬೆಳಕು ಕಾಣುತ್ತಿತ್ತು. ಎದುರಿಗೆ ನಿಂತವರು ಗಂಡಸೋ ಹೆಂಗಸೋ ತಿಳಿಯುತ್ತಿತ್ತು. ಅಕ್ಷರ ಕಾಣುತ್ತಿರಲಿಲ್ಲ. ಇದಕ್ಕಿಂತ ಹೆಚ್ಚಿಗೆ ಸರಿಹೋಗಲಾರದು ಎಂದು ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಮಾವ ಎಡಗಣ್ಣು ಮುಚ್ಚಿ ಗೋಡೆಯ ಪಟ್ಟಿಯನ್ನು ಬಹಳ ಹೊತ್ತು ನೋಡಿದರು.

“ಇರ್ಲಿ ಬುಡಿ ಸಾ, ಇನ್ನೊಂದದೆಯಲ್ಲ” ಎಂದರು.

ಶ್ರಾವಣ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಮಾವನೇ ಫೋನ್ ಮಾಡಿ ಕರೆಸಿದರು. ನಾನು ಬರುವುದಿಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟರು. ಅಂಗಡಿಗೆ ಹೋದರೆ ಲೇತಿನಲ್ಲಿ ಹೊಸ ಉಕ್ಕಿನ ತುಂಡು ತಿರುಗುತ್ತಿತ್ತು. ಮೈಸೂರಿನಿಂದ ತರಿಸಿದ ಒಳ್ಳೇ ಮಾಲು, ಕಾಯಿಸಿ ಹದ ಮಾಡುವುದಕ್ಕೂ ಅಲ್ಲಿಗೇ ಕಳಿಸಬೇಕು ಎಂದರು. ವರ್ನಿಯರನ್ನು ಅಚ್ಚಿಗೆ ಕಚ್ಚಿಸಿ ನನ್ನತ್ತ ತಿರುಗಿಸಿದರು.

“ಓದು ಮಗಾ. ಎಷ್ಟದೆ?”

ಓದಿದೆ. ಮಾವ ತಲೆಯಾಡಿಸಿ ಇನ್ನೊಂದು ಎಳೆ ತೆಗೆದರು. ಮತ್ತೆ ತಿರುಗಿಸಿದರು. ಇಡೀ ದಿನ ನಾನು ಓದಿದೆ, ಅವರು ಕಡೆದರು. ಇಷ್ಟು ವರ್ಷ ಯಾರ ಕಣ್ಣನ್ನೂ ಎರವಲು ಕೇಳದವರು ಅವತ್ತು ನನ್ನನ್ನು ಕೇಳುತ್ತಿದ್ದರು, ಅದೂ ಏನೂ ಆಗಿಲ್ಲವೆನ್ನುವ ಹಾಗೆ. ಅದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿರುತ್ತಿತ್ತು.

“ಎಣ್ಣೆಯಂತೂ ಆಗಲ್ಲ” ಎಂದರು ಸಂಜೆ ಕೈ ತೊಳೆಯುತ್ತಾ. “ತುಕ್ಕಿಡ್ದ ಬೀಗಕ್ಕೆ ಏನಾಕ್ತಾರೆ ಗೊತ್ತಾ? ಪೆನ್ಸಿಲ್ ಸೀಸದ ಪುಡಿ. ನಿನ್ ಮಣ್ಣು ಪೆನ್ಸಿಲ್ ಕುಡಿಯಲ್ಲ ತಾನೇ?”

ಕುಡಿಯುವುದಿಲ್ಲ. ಮೂರು ವರ್ಷ ಈ ಮಣ್ಣಿನ ಜೊತೆ ಇದ್ದವಳಿಗೆ ಹೊಳೆಯದ್ದು ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಕಟ್ಟಿಕೊಂಡು ಮಲಗಿದ್ದವರಿಗೆ ಹೊಳೆದಿತ್ತು. ಆ ಅಚ್ಚಿನಲ್ಲಿ ತೆಗೆದ ಬಿಲ್ಲೆಗಳೇ ನನ್ನ ಪ್ರಬಂಧಕ್ಕೆ ಹೋದದ್ದು. ಅವು ಹೇಳಿದ್ದು ಹೊಸದೇನೂ ಅಲ್ಲ. ಒತ್ತಿದಷ್ಟೂ ಪದರಗಳು ಹತ್ತಿರವಾದವು, ಒತ್ತಡ ತೆಗೆದ ಮೇಲೆ ಮುಕ್ಕಾಲುಪಾಲು ಹಿಂದಕ್ಕೆ ಬಂದವು, ಪೂರ್ತಿ ಬರಲಿಲ್ಲ. ನನಗೆ ಡಿಗ್ರಿ ಸಿಕ್ಕಿತು, ಕೆಲಸವೂ ಸಿಕ್ಕಿತು. ಪ್ರಬಂಧದಲ್ಲಿ ಅದು ಒಂದು ಪುಟದ ಗೆರೆಚಿತ್ರ. ನಾನು ಆ ಪುಟವನ್ನು ಬೇಗ ತಿರುಗಿಸಿಬಿಡುತ್ತೇನೆ.

ನನಗೆ ಮರೆಯಲಾಗದ್ದು ಆ ಹೊಸ ಅಚ್ಚಿನಲ್ಲಿ ಮೊದಲು ಒತ್ತಿದ ದಿನ. ಹದ ಮಾಡಿ ಬಂದಿದ್ದ ಅಚ್ಚಿಗೆ ಮಾವ ಸೀಸದ ಪುಡಿ ಉಜ್ಜಿದರು. ಈ ಸಲ ಹ್ಯಾಂಡಲ್ ನಾನೇ ಹಿಡಿಯುತ್ತೇನೆ ಎಂದು ಹಟ ಮಾಡಿದ್ದೆ, ಎಂಟು ಟನ್ನಿನ ಮೇಲೆ ಹೋಗುವುದಿಲ್ಲವೆಂದೂ ಹೇಳಿದ್ದೆ. ಅತ್ತೆ ಊಟದ ಕ್ಯಾರಿಯರ್ ತಂದವರು ಹೋಗದೆ ಬಾಗಿಲಲ್ಲೇ ನಿಂತಿದ್ದರು. ಮಾವ ಎಡಗಣ್ಣಿಗೆ ಗೇಜು ಕಾಣಬೇಕೆಂದು ಪ್ರೆಸ್ಸಿನ ಮಗ್ಗುಲಿಗೆ, ಮೊದಲಿಗಿಂತಲೂ ಹತ್ತಿರ ಬಂದು ನಿಂತರು. ಹ್ಯಾಂಡಲ್ ಹಿಡಿದ ನನ್ನ ಕೈ ಕೆಳಗಿಳಿಯಲಿಲ್ಲ. ಆ ಸುಳ್ಳನ್ನು ಒಳಗಿಟ್ಟುಕೊಂಡು ನಾನು ಒತ್ತಲಾರೆ ಅನ್ನಿಸಿತು. ಕೈ ಬಿಟ್ಟು ಬಾಗಿಲಿಗೆ ಬಂದೆ.

“ಅತ್ತೆ, ಮಾವ ಅವತ್ತು ಎಣ್ಣೆ ಮರೆತಿರಲಿಲ್ಲ. ನಾನೇ ಬೇಡ ಅಂದೆ. ಬೈದು ತೊಳೆಸಿದೆ. ಸಾಕು ಬುಡು ಅಂದರೂ ಕೇಳದೆ ಇನ್ನೂ ಒತ್ತಿಸಿದೆ.”

ಮಾವ ಅತ್ತ ತಿರುಗಿ ಬಟ್ಟೆಯಲ್ಲಿ ಕೈ ಒರೆಸತೊಡಗಿದರು. ಅತ್ತೆ ಕ್ಯಾರಿಯರನ್ನು ಬೆಂಚಿನ ಮೇಲಿಟ್ಟರು. ನನ್ನ ಕೆನ್ನೆಗೆ ಬೀಳುತ್ತದೆ ಎಂದು ನಾನು ಕಾಯುತ್ತಿದ್ದೆ.

“ಗೊತ್ತು ಕಣವ್ವ” ಎಂದರು ಅತ್ತೆ. “ಮದ್ವೆಯಾದಾಗ್ಲಿಂದ ನೋಡ್ತಾ ಇವ್ನಿ, ಉಣ್ಣೋದ್ ಮರ್ತಾರು, ಎಣ್ಣೆ ಮರ್ಯೋರಲ್ಲ. ನಿನ್ ಬಾಯಲ್ಲಿ ಬತ್ತದಾ ಅಂತ ಕಾಯ್ತಿದ್ದೆ.”

ನನಗೆ ಅಳು ಬಂತು. ಅತ್ತೆ ಸಮಾಧಾನ ಮಾಡಲಿಲ್ಲ. ಪ್ರೆಸ್ಸಿನ ಮಗ್ಗುಲಲ್ಲಿ ನಿಂತಿದ್ದ ಮಾವನ ಕಡೆ ಕೈ ತೋರಿಸಿದರು.

“ಅಲ್ಲಿ ನಿಲ್ಬೇಡಿ ಅಂತ ಅವ್ರಿಗೆ ಯೋಳು. ನಾನ್ ಯೋಳುದ್ರೆ ಕೇಳಕಿಲ್ಲ. ನೀನ್ ಯೋಳಿದ್ಕೆ ಎಣ್ಣೆನೇ ಬುಟ್ಟೋರು.”

ನಾನು ಹೇಳಿದೆ. ಮಾವ ಮರುಮಾತಾಡದೆ ಬಂದು ಕಂಬದ ಹಿಂದೆ ನಿಂತರು.